ಭದ್ರತೆ ಮತ್ತು ಸ್ಪರ್ಧೆ ಒಂದೇ ಕಡತದಲ್ಲಿರಲಿ

ಮಾನ್ಯ ಸಂಪಾದಕರೇ,

ಮಳೆ ಹಿಂದೆ ಸರಿದು ಕೊಡಗಿಗೆ ಪ್ರವಾಸಿಗರು ತುಂಬತೊಡಗಿದಾಗ ಪತ್ರಿಕೆಗಳಲ್ಲಿ ಎರಡು ಬಗೆಯ ಸುದ್ದಿಗಳು ಬೇರೆ ಬೇರೆ ಪುಟಗಳಲ್ಲಿ ಬರುವುದನ್ನು ನೋಡುತ್ತಿದ್ದೇನೆ. ಜಿಲ್ಲಾ ಪುಟದಲ್ಲಿ ನಕಲಿ ಹೋಂಸ್ಟೇಗೆ ಮುಂಗಡ ಕಟ್ಟಿ ಮೋಸಹೋದವರ ವರದಿ ಇರುತ್ತದೆ. ವಾಣಿಜ್ಯ ಪುಟದಲ್ಲಿ, ಮಾರುಕಟ್ಟೆಯಲ್ಲಿ ನ್ಯಾಯಯುತ ಪೈಪೋಟಿಯನ್ನು ಕಾಯುವ ಭಾರತೀಯ ಸ್ಪರ್ಧಾ ಆಯೋಗವು ಯಾವುದೋ ದೊಡ್ಡ ತಂತ್ರಜ್ಞಾನ ಕಂಪನಿಗೆ ದಂಡ ವಿಧಿಸಿದ ಅಥವಾ ಆ ಕಂಪನಿ ಮೇಲ್ಮನವಿ ಸಲ್ಲಿಸಿದ ವರದಿ ಇರುತ್ತದೆ. ಮೊದಲನೆಯದು ಪೊಲೀಸರ ಕೆಲಸ, ಎರಡನೆಯದು ದೆಹಲಿಯ ವಕೀಲರ ಕೆಲಸ ಎಂದು ಓದಿ ಮಡಚಿಡುವುದು ರೂಢಿಯಾಗಿದೆ. ಆದರೆ ತೋಟದ ನಡುವೆ ನಾಲ್ಕು ಕೋಣೆಗಳ ಹೋಂಸ್ಟೇ ನಡೆಸಿಕೊಂಡು, ಕಾಫಿಪುಡಿ ಮತ್ತು ಕರಿಮೆಣಸನ್ನು ಆನ್‌ಲೈನ್‌ನಲ್ಲೂ ಮಾರುವ ನನ್ನಂಥವರಿಗೆ ಇವೆರಡೂ ಒಂದೇ ಸಮಸ್ಯೆ. ವ್ಯಾಪಾರಕ್ಕೆ ಒಂದೆರಡು ಆನ್‌ಲೈನ್ ವೇದಿಕೆಗಳ ಹೊರತು ಬೇರೆ ದಾರಿಯಿಲ್ಲದವನಿಗೆ ಕಮಿಷನ್ ಬಗ್ಗೆ ಮಾತನಾಡುವ ಶಕ್ತಿ ಹೇಗೆ ಇರುವುದಿಲ್ಲವೋ, ಭದ್ರತೆಯ ಬಗ್ಗೆ ಕೇಳುವ ಶಕ್ತಿಯೂ ಹಾಗೆಯೇ ಇರುವುದಿಲ್ಲ. ಈ ಸಂಬಂಧ ಸಾರ್ವಜನಿಕ ಚರ್ಚೆಯಲ್ಲಿ ಕಾಣುತ್ತಿಲ್ಲವಾದ್ದರಿಂದ ಈ ಪತ್ರ ಬರೆಯುತ್ತಿದ್ದೇನೆ.

ಕೇಂದ್ರ ಗೃಹ ಸಚಿವಾಲಯದ ಅಧೀನದಲ್ಲಿರುವ ಭಾರತೀಯ ಸೈಬರ್ ಅಪರಾಧ ಸಮನ್ವಯ ಕೇಂದ್ರವು 2025ರ ಏಪ್ರಿಲ್‌ನಲ್ಲಿ ಯಾತ್ರಿಕರು ಮತ್ತು ಪ್ರವಾಸಿಗರನ್ನು ಗುರಿಯಾಗಿಸಿದ ಬುಕಿಂಗ್ ವಂಚನೆಗಳ ಕುರಿತು ಎಚ್ಚರಿಕೆ ನೀಡಿತ್ತು. ನಕಲಿ ಜಾಲತಾಣಗಳು, ಮೋಸದ ಫೇಸ್‌ಬುಕ್ ಪುಟಗಳು, ವಾಟ್ಸ್‌ಆ್ಯಪ್ ಖಾತೆಗಳು ಮತ್ತು ಹುಡುಕಾಟದಲ್ಲಿ ಮೇಲೆ ಬರುವ ಹಣ ತೆತ್ತ ಜಾಹೀರಾತುಗಳ ಮೂಲಕ ಈ ವಂಚನೆ ನಡೆಯುತ್ತದೆ ಎಂಬುದು ಅದರ ಸಾರ. ಈ ಪೈಕಿ ಕೊನೆಯದನ್ನು ಸ್ವಲ್ಪ ನಿಂತು ನೋಡಬೇಕು. ವಂಚಕನು ನಿಜವಾದ ಹೋಂಸ್ಟೇಯೊಂದರ ಹೆಸರು, ಅಂಗಳದ ಚಿತ್ರ, ಅತಿಥಿಗಳು ಬರೆದ ಒಳ್ಳೆಯ ಮಾತು ಎಲ್ಲವನ್ನೂ ಎತ್ತಿಕೊಂಡು ಫೋನ್ ನಂಬರ್ ಒಂದನ್ನು ಮಾತ್ರ ಬದಲಿಸುತ್ತಾನೆ. ಬಳಿಕ ಅದೇ ಹೆಸರಿನ ಹುಡುಕಾಟಕ್ಕೆ ಜಾಹೀರಾತು ಕೊಳ್ಳುತ್ತಾನೆ. ಆ ಜಾಹೀರಾತಿನ ಹಣ ಹುಡುಕಾಟದ ವೇದಿಕೆಗೆ ಸೇರುತ್ತದೆ. ತನ್ನ ಹೆಸರನ್ನು ಹುಡುಕಿದವರಿಗೆ ತಾನೇ ಮೊದಲು ಕಾಣಬೇಕೆಂದರೆ ನಿಜವಾದ ಮಾಲೀಕನೂ ಅದೇ ವೇದಿಕೆಗೆ ಹಣ ಕಟ್ಟಬೇಕು. ಕಳ್ಳನೂ ಮಾಲೀಕನೂ ಒಂದೇ ಹೆಸರಿಗಾಗಿ ಹರಾಜಿನಲ್ಲಿ ಎದುರುಬದುರಾಗಿ ಕೂತಾಗ ಎರಡೂ ಕಡೆಯಿಂದ ಲಾಭ ಪಡೆಯುವ ಸಂಸ್ಥೆಗೆ ನಕಲಿಯನ್ನು ಬೇಗ ತೆಗೆದುಹಾಕುವ ಆತುರ ಎಲ್ಲಿಂದ ಬರಬೇಕು? ದುರುದ್ದೇಶವಿದೆಯೆಂದು ನಾನು ಹೇಳುತ್ತಿಲ್ಲ. ವಿಳಂಬದಿಂದ ಅವರಿಗೆ ನಷ್ಟವಿಲ್ಲ ಎಂದಷ್ಟೇ ಹೇಳುತ್ತಿದ್ದೇನೆ, ಮತ್ತು ಪ್ರಬಲ ಪ್ರತಿಸ್ಪರ್ಧಿ ಇಲ್ಲದಿರುವುದೇ ಆ ನಷ್ಟವಿಲ್ಲದಿರುವಿಕೆಗೆ ಕಾರಣ.

ಕೊಡಗಿನಲ್ಲಿ ಇನ್ನೊಂದು ವಂಚನೆ ಹೆಚ್ಚು ಸುಲಭವಾಗಿ ಫಲಿಸುತ್ತದೆ. ಸೇನೆಯ ಅಧಿಕಾರಿಯೆಂದು ಹೇಳಿಕೊಂಡು ಕರೆ ಮಾಡಿ, ತನ್ನ ತುಕಡಿಯವರಿಗೆ ಹತ್ತು ಕೋಣೆ ಬೇಕೆಂದೋ ಐವತ್ತು ಕಿಲೋ ಕಾಫಿಪುಡಿ ಬೇಕೆಂದೋ ಕೇಳಿ, ಗುರುತಿನ ಚೀಟಿಯ ಚಿತ್ರವನ್ನೂ ಕಳುಹಿಸಿ, ಮುಂಗಡ ಪಡೆಯಲು ಈ ಕ್ಯುಆರ್ ಕೋಡ್ ಸ್ಕ್ಯಾನ್ ಮಾಡಿ ಎನ್ನುವ ತಂತ್ರ ದೇಶದೆಲ್ಲೆಡೆ ಇದೆ. ಹಣ ಪಡೆಯಲು ಕೋಡ್ ಸ್ಕ್ಯಾನ್ ಮಾಡಿ ಪಿನ್ ಒತ್ತಬೇಕಾಗಿಲ್ಲ ಎಂಬ ಸರಳ ಸಂಗತಿ ಆ ಗಳಿಗೆಯಲ್ಲಿ ನೆನಪಾಗುವುದಿಲ್ಲ. ಫೀಲ್ಡ್ ಮಾರ್ಷಲ್ ಕಾರ್ಯಪ್ಪ ಮತ್ತು ಜನರಲ್ ತಿಮ್ಮಯ್ಯ ಅವರ ಜಿಲ್ಲೆಯಲ್ಲಿ, ಮನೆಗೊಬ್ಬರು ಸಮವಸ್ತ್ರ ತೊಟ್ಟ ಕುಟುಂಬಗಳ ನಡುವೆ, ಸೇನೆಯ ಹೆಸರನ್ನು ಶಂಕಿಸುವುದೇ ಅವಮರ್ಯಾದೆ ಎನಿಸುತ್ತದೆ. ವಂಚಕರು ಊರಿನ ಸ್ವಭಾವವನ್ನು ಓದಿಕೊಂಡೇ ಬರುತ್ತಾರೆ ಎಂಬುದಕ್ಕೆ ಇದಕ್ಕಿಂತ ಉದಾಹರಣೆ ಬೇಡ.

ಇನ್ನೂ ನವಿರಾದ ದಾಳಿಯ ಬಗ್ಗೆ ನಮ್ಮ ಹೋಂಸ್ಟೇ ಮಾಲೀಕರಲ್ಲಿ ಮಾತೇ ಇಲ್ಲ. ಕೋಣೆ ಕಾಯ್ದಿರಿಸುವ ಜಾಲತಾಣವಾದ ಬುಕಿಂಗ್ ಡಾಟ್ ಕಾಂ ಸಂಸ್ಥೆಯ ಹೆಸರಿನ ಸೋಗಿನಲ್ಲಿ ಹೋಟೆಲ್ ಉದ್ಯಮದವರಿಗೆ ಇಮೇಲ್ ಕಳುಹಿಸುವ ದಾಳಿಯೊಂದು 2024ರ ಡಿಸೆಂಬರ್‌ನಿಂದ ನಡೆಯುತ್ತಿದೆಯೆಂದು ಮೈಕ್ರೋಸಾಫ್ಟ್ 2025ರ ಮಾರ್ಚ್‌ನಲ್ಲಿ ಪ್ರಕಟಿಸಿತು. ಗುರಿಯಾದ ಪ್ರದೇಶಗಳಲ್ಲಿ ದಕ್ಷಿಣ ಏಷ್ಯಾವೂ ಸೇರಿತ್ತು. ಅತಿಥಿಯೊಬ್ಬರು ದೂರು ಬರೆದಿದ್ದಾರೆ, ಕೂಡಲೇ ಉತ್ತರಿಸಿ ಎಂಬಂಥ ಒಕ್ಕಣೆ. ಕೊಂಡಿ ಒತ್ತಿದರೆ ನೀವು ಮನುಷ್ಯರೇ ಎಂದು ಪರೀಕ್ಷಿಸುವ ನಕಲಿ ಪುಟ. ಅದರಲ್ಲಿ ಕೀಲಿಮಣೆಯ ಕೆಲವು ಗುಂಡಿಗಳನ್ನು ಒತ್ತಿ, ಅಂಟಿಸಿ, ಎಂಟರ್ ಮಾಡಿ ಎಂಬ ಸೂಚನೆ. ಹಾಗೆ ಮಾಡಿದವರು ತಮ್ಮ ಕೈಯಾರೆ ಕಳ್ಳ ತಂತ್ರಾಂಶವನ್ನು ಕಂಪ್ಯೂಟರಿನೊಳಕ್ಕೆ ಬಿಟ್ಟುಕೊಳ್ಳುತ್ತಾರೆ, ಪಾಸ್‌ವರ್ಡ್‌ಗಳು ಹೊರಟುಹೋಗುತ್ತವೆ. ಹೀಗೆ ಹೋಟೆಲಿನವರ ಖಾತೆ ಕೈವಶವಾದರೆ ಅಲ್ಲಿಂದಲೇ, ವೇದಿಕೆಯ ಅಧಿಕೃತ ಸಂದೇಶ ಪೆಟ್ಟಿಗೆಯಲ್ಲೇ, ನಿಜವಾಗಿ ಕೋಣೆ ಕಾಯ್ದಿರಿಸಿದ ಅತಿಥಿಗೆ ಕಾರ್ಡ್ ವಿವರ ಖಚಿತಪಡಿಸಿ ಎಂಬ ಸಂದೇಶ ಹೋಗಬಲ್ಲದು. ಅತಿಥಿ ನಂಬದೇ ಇರುವುದಾದರೂ ಹೇಗೆ? ದಿನಾಂಕ, ಹೆಸರು, ಮೊತ್ತ ಎಲ್ಲವೂ ಸರಿಯಾಗಿರುತ್ತದೆ.

ಹೀಗಾದಾಗ ಹಣ ಅತಿಥಿಯದು ಹೋಗುತ್ತದೆ, ಮಾನ ಆತಿಥೇಯನದು ಹೋಗುತ್ತದೆ. ಒಂದು ನಕ್ಷತ್ರದ ವಿಮರ್ಶೆಗಳು ಬೀಳುತ್ತವೆ, ಪಟ್ಟಿಯಲ್ಲಿ ಸ್ಥಾನ ಕುಸಿಯುತ್ತದೆ, ಕೆಲವೊಮ್ಮೆ ಮುನ್ನೆಚ್ಚರಿಕೆಯೆಂದು ಖಾತೆಯೇ ಸ್ಥಗಿತವಾಗುತ್ತದೆ. ಮನವಿ ಸಲ್ಲಿಸಲು ಸಿಗುವುದು ಸ್ವಯಂಚಾಲಿತ ಉತ್ತರ ನೀಡುವ ಇಂಗ್ಲಿಷ್ ಅರ್ಜಿ. ಸರಿ, ಬೇರೆ ವೇದಿಕೆಗೆ ಹೋಗಲಿ ಎನ್ನಬಹುದು. ವರ್ಷಗಟ್ಟಲೆ ಕೂಡಿಸಿದ ಅತಿಥಿಗಳ ಅಭಿಪ್ರಾಯಗಳನ್ನು ಅಲ್ಲಿಂದ ಹೊರತರಲು ಆಗುವುದಿಲ್ಲ. ಹೊಸ ಜಾಗದಲ್ಲಿ ಆತ ನಿನ್ನೆ ಅಂಗಡಿ ತೆರೆದವನಂತೆ ಶೂನ್ಯದಿಂದ ತೊಡಗಬೇಕು.

ಸ್ಪರ್ಧಾ ಆಯೋಗದ 2022ರ ಅಕ್ಟೋಬರ್ 19ರ ಆದೇಶವನ್ನು ಕೊಡಗಿನ ಪ್ರತಿಯೊಬ್ಬ ಹೋಂಸ್ಟೇ ಮಾಲೀಕರೂ ಓದಬೇಕಿತ್ತು. ಹೋಟೆಲ್ ಮತ್ತು ರೆಸ್ಟೋರೆಂಟ್‌ಗಳ ರಾಷ್ಟ್ರೀಯ ಒಕ್ಕೂಟ ಮತ್ತಿತರರ ದೂರಿನ ಮೇಲೆ ವಿಚಾರಣೆ ನಡೆಸಿ, ಮೇಕ್‌ಮೈಟ್ರಿಪ್–ಗೋಐಬಿಬೋ ಸಮೂಹಕ್ಕೆ 223.48 ಕೋಟಿ ರೂಪಾಯಿ, ಓಯೊ ಸಂಸ್ಥೆಗೆ 168.88 ಕೋಟಿ ರೂಪಾಯಿ ದಂಡವನ್ನು ಆಯೋಗ ವಿಧಿಸಿತು. ಹೋಟೆಲಿನವರು ತಮ್ಮ ಸ್ವಂತ ಜಾಲತಾಣದಲ್ಲಾಗಲಿ ಬೇರೆ ವೇದಿಕೆಯಲ್ಲಾಗಲಿ ಕಡಿಮೆ ದರಕ್ಕೆ ಕೋಣೆ ಕೊಡಬಾರದೆಂಬ ಷರತ್ತು ಮತ್ತು ಓಯೊ ಜತೆಗಿನ ಒಪ್ಪಂದದ ಮೇರೆಗೆ ಟ್ರೀಬೋ, ಫ್ಯಾಬ್‌ಹೋಟೆಲ್ಸ್‌ನಂಥ ಪ್ರತಿಸ್ಪರ್ಧಿಗಳನ್ನು ಮೇಕ್‌ಮೈಟ್ರಿಪ್ ತನ್ನ ಪಟ್ಟಿಯಿಂದ ಹೊರಹಾಕಿದ್ದು ಅಲ್ಲಿನ ಮುಖ್ಯ ಆಕ್ಷೇಪಗಳು. ದರದ ಷರತ್ತನ್ನು ಬೆಲೆಯ ವಿಷಯವೆಂದಷ್ಟೇ ತಿಳಿಯಲಾಗುತ್ತದೆ. ನನ್ನ ದೃಷ್ಟಿಯಲ್ಲಿ ಅದು ಭದ್ರತೆಯ ವಿಷಯವೂ ಹೌದು. ಸ್ವಂತ ಜಾಲತಾಣದಲ್ಲಿ ನೇರವಾಗಿ ಕಾಯ್ದಿರಿಸಿದವರಿಗೆ ಒಂದಿಷ್ಟು ರಿಯಾಯಿತಿ ಕೊಡಲು ಅವಕಾಶವಿದ್ದರೆ ಅತಿಥಿಗಳು ಅಲ್ಲಿಗೆ ಬರುತ್ತಾರೆ, ಬಂದರೆ ಅದನ್ನು ಸುಭದ್ರವಾಗಿ ನಡೆಸಲು ನಾಲ್ಕು ಕಾಸು ಖರ್ಚು ಮಾಡುವುದಕ್ಕೆ ಅರ್ಥವಿರುತ್ತದೆ, ಒಂದು ವೇದಿಕೆಯ ಖಾತೆ ಕೆಟ್ಟ ದಿನವೂ ವ್ಯಾಪಾರ ನಡೆಯುತ್ತದೆ. ಇಡೀ ಸಂತೆಗೆ ಒಬ್ಬನದೇ ತಕ್ಕಡಿ ಇದ್ದಲ್ಲಿ ತೂಕದ ಬಗ್ಗೆ ತಕರಾರು ತೆಗೆದವನು ಮೂಟೆ ಹೊತ್ತು ಮನೆಗೆ ಮರಳಬೇಕಾಗುತ್ತದೆ.

ಎಲ್ಲರೂ ಒಂದೇ ಕಡೆ ನೆಚ್ಚಿಕೊಂಡರೆ ಏನಾಗುತ್ತದೆ ಎಂಬುದನ್ನು 2024ರ ಜುಲೈ ಒಂದೇ ತಿಂಗಳಲ್ಲಿ ಎರಡು ಸಲ ತೋರಿಸಿತು. ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿಯ ದೋಷಪೂರಿತ ಅಪ್‌ಡೇಟ್‌ನಿಂದ ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ಕೆಟ್ಟು ನಿಂತವು. ನಮ್ಮ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸ್‌ಗಳನ್ನು ಕೈಯಲ್ಲಿ ಬರೆದುಕೊಟ್ಟರು. ಅಲ್ಲಿ ಶತ್ರುವೇ ಇರಲಿಲ್ಲ, ಕಾಯಲು ಇಟ್ಟವನೇ ಎಡವಿದ್ದ. ತಿಂಗಳ ಕೊನೆಯಲ್ಲಿ ಸಿ-ಎಡ್ಜ್ ಟೆಕ್ನಾಲಜೀಸ್ ಸಂಸ್ಥೆಗೆ ರ‍್ಯಾನ್ಸಮ್‌ವೇರ್ (ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ತಂತ್ರಾಂಶದ) ದಾಳಿ ತಟ್ಟಿತು. ಸಹಕಾರ ಬ್ಯಾಂಕುಗಳು ಮತ್ತು ಪ್ರಾದೇಶಿಕ ಗ್ರಾಮೀಣ ಬ್ಯಾಂಕುಗಳಿಗೆ ತಂತ್ರಜ್ಞಾನ ಸೇವೆ ಒದಗಿಸುವ ಆ ಸಂಸ್ಥೆಯನ್ನು, ಯುಪಿಐ ನಡೆಸುವ ರಾಷ್ಟ್ರೀಯ ಪಾವತಿ ನಿಗಮವು ತನ್ನ ಜಾಲದಿಂದ ತಾತ್ಕಾಲಿಕವಾಗಿ ಬೇರ್ಪಡಿಸಿದಾಗ ಸುಮಾರು 300 ಸಣ್ಣ ಬ್ಯಾಂಕುಗಳ ಗ್ರಾಹಕರಿಗೆ ಪಾವತಿ ಸೇವೆ ನಿಂತಿತು. ಬೇರ್ಪಡಿಸಿದ್ದು ಸರಿಯೇ. ಆದರೆ ಆ ಬ್ಯಾಂಕುಗಳ ಖಾತೆದಾರರಲ್ಲಿ ಎಷ್ಟು ಜನ ಈ ಸಂಸ್ಥೆಯ ಹೆಸರನ್ನು ಅದಕ್ಕೆ ಮುನ್ನ ಕೇಳಿದ್ದರು? ಸಾಲ, ಗೊಬ್ಬರ, ಕೂಲಿಯ ಹಣಕ್ಕೆ ಹಲವು ಕಾಫಿ ಬೆಳೆಗಾರರು ಸಹಕಾರ ಸಂಘಗಳನ್ನು ನೆಚ್ಚಿದ ಜಿಲ್ಲೆ ನಮ್ಮದು. 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳನ್ನು ಒಂದೇ ತಂತ್ರಾಂಶದಡಿ ಗಣಕೀಕರಿಸುವ ಯೋಜನೆಗೆ ಕೇಂದ್ರ ಸಂಪುಟ 2022ರ ಜೂನ್‌ನಲ್ಲಿ ಒಪ್ಪಿಗೆ ಕೊಟ್ಟಿದೆ. ಗಣಕೀಕರಣಕ್ಕೆ ನನ್ನ ವಿರೋಧವಿಲ್ಲ. ಒಂದು ಕಡೆ ಕೆಟ್ಟರೆ ಕೊಯ್ಲಿನ ನಡುವೆ ಕಾರ್ಮಿಕರ ವಾರದ ಬಟವಾಡೆ ಹೇಗೆ ನಡೆಯುತ್ತದೆ ಎಂಬುದಕ್ಕೆ ಸಂಘಗಳ ಬಳಿ ಲಿಖಿತ ಉತ್ತರ ಇರಬೇಕು, ಅಷ್ಟೇ.

ದೊಡ್ಡ ಕಂಪನಿಗಳ ವಾದ ಬೇರೆಯೇ ಇದೆ, ಅದನ್ನು ತಳ್ಳಿಹಾಕುವುದು ನ್ಯಾಯವಲ್ಲ. ಬಾಗಿಲು ಹೆಚ್ಚು ತೆರೆದಷ್ಟೂ ಕಳ್ಳರು ಹೆಚ್ಚು ನುಗ್ಗುತ್ತಾರೆ ಎಂದು ಅವರು ಹೇಳುತ್ತಾರೆ. ಆಂಡ್ರಾಯ್ಡ್ ವಿಷಯದಲ್ಲಿ ಪ್ರಾಬಲ್ಯದ ದುರುಪಯೋಗಕ್ಕಾಗಿ ಸ್ಪರ್ಧಾ ಆಯೋಗವು 2022ರ ಅಕ್ಟೋಬರ್‌ನಲ್ಲಿ ಗೂಗಲ್‌ಗೆ 1,337.76 ಕೋಟಿ ರೂಪಾಯಿ ದಂಡ ಹಾಕಿ, ಇತರ ಆ್ಯಪ್ ಅಂಗಡಿಗಳಿಗೆ ಅವಕಾಶ ಕೊಡುವುದೂ ಸೇರಿದಂತೆ ಹಲವು ನಿರ್ದೇಶನ ನೀಡಿದಾಗ, ಇದರಿಂದ ಬಳಕೆದಾರರ ಸುರಕ್ಷತೆಗೆ ಧಕ್ಕೆಯಾಗುತ್ತದೆ ಎಂದು ಕಂಪನಿ ಬಹಿರಂಗವಾಗಿ ವಾದಿಸಿತು. 2023ರ ಮಾರ್ಚ್‌ನಲ್ಲಿ ಮೇಲ್ಮನವಿ ನ್ಯಾಯಮಂಡಳಿಯು ದಂಡವನ್ನು ಎತ್ತಿಹಿಡಿದು ನಾಲ್ಕು ನಿರ್ದೇಶನಗಳನ್ನು ರದ್ದುಪಡಿಸಿತು. ಕಂಪನಿಯ ಭಯದಲ್ಲಿ ಹುರುಳಿಲ್ಲದೆ ಇಲ್ಲ. ಸಂಚಾರ ದಂಡದ ಚಲನ್, ಪಿಎಂ ಕಿಸಾನ್ ಕಂತು, ಮದುವೆಯ ಕರೆಯೋಲೆ ಎಂಬ ಹೆಸರಿನಲ್ಲಿ ವಾಟ್ಸ್‌ಆ್ಯಪ್‌ಗೆ ಬರುವ ಎಪಿಕೆ ಕಡತಗಳನ್ನು (ಫೋನಿಗೆ ಆ್ಯಪ್ ಅಳವಡಿಸುವ ಕಡತಗಳು) ಒತ್ತಿ ಫೋನನ್ನೇ ಕಳ್ಳರ ಕೈಗೆ ಕೊಟ್ಟವರು ಎಲ್ಲ ಊರುಗಳಲ್ಲಿದ್ದಾರೆ. ಅಧಿಕೃತ ಅಂಗಡಿಯ ಹೊರಗಿನಿಂದ ಆ್ಯಪ್ ಹಾಕಿಕೊಳ್ಳಬೇಡಿ ಎಂದು ನಾನೂ ನೆರೆಯವರಿಗೆ ಹೇಳುತ್ತೇನೆ. ಆದರೆ ಈ ಎಚ್ಚರಿಕೆಯಿಂದ ಒಂದೇ ಅಂಗಡಿ ಸಾಕು, ಅದರ ನಿಯಮವನ್ನೂ ಶುಲ್ಕವನ್ನೂ ಒಬ್ಬರೇ ನಿಗದಿಪಡಿಸಲಿ ಎಂಬ ತೀರ್ಮಾನಕ್ಕೆ ಜಿಗಿಯಲಾಗದು. ಭದ್ರತೆಯ ಕಾರಣ ನಿಜವಾದಲ್ಲಿ ಅದನ್ನು ಪುರಾವೆಯೊಂದಿಗೆ ತೋರಿಸಲಿ, ಸ್ಪರ್ಧೆಗೆ ಅತಿ ಕಡಿಮೆ ತೊಡಕಾಗುವ ಉಪಾಯ ಯಾವುದೆಂದೂ ಹೇಳಲಿ.

ಸ್ಪರ್ಧೆ ಮತ್ತು ಭದ್ರತೆ ಜೊತೆಯಲ್ಲಿರಬಲ್ಲವು ಎಂಬುದಕ್ಕೆ ನಮ್ಮ ದೇಶದ್ದೇ ಯುಪಿಐ ಇದೆ. ಯಾವ ಕಂಪನಿಯ ಆ್ಯಪ್ ಬಳಸಿದರೂ ಪಿನ್ ಒತ್ತುವ ಪುಟ ಪಾವತಿ ನಿಗಮದ ಸಾಮಾನ್ಯ ತಂತ್ರಾಂಶದ್ದೇ ಆಗಿರುತ್ತದೆ. ಆ್ಯಪ್‌ನವರಿಗೆ ಪಿನ್ ಕಾಣುವುದಿಲ್ಲ. ಫೋನಿಗೂ ಸಿಮ್‌ಗೂ ಖಾತೆಯನ್ನು ಬೆಸೆಯುವ ನಿಯಮ ಎಲ್ಲರಿಗೂ ಒಂದೇ. ವ್ಯಕ್ತಿಯಿಂದ ವ್ಯಕ್ತಿಗೆ ಹಣ ಕೇಳಿ ಕಳುಹಿಸುವ ಕಲೆಕ್ಟ್ ಕೋರಿಕೆ ವಂಚಕರ ಸಾಧನವಾದಾಗ 2025ರ ಅಕ್ಟೋಬರ್ 1ರಿಂದ ಅದನ್ನು ಎಲ್ಲ ಆ್ಯಪ್‌ಗಳಲ್ಲೂ ಒಟ್ಟಿಗೆ ನಿಲ್ಲಿಸಲಾಯಿತು. ಬುಡದಲ್ಲಿ ಎಲ್ಲರಿಗೂ ಸಮಾನವಾದ ಭದ್ರತೆ, ಅದರ ಮೇಲೆ ಯಾರು ಬೇಕಾದರೂ ಪೈಪೋಟಿ ನಡೆಸಬಹುದಾದ ಬಯಲು, ಇದು ಒಳ್ಳೆಯ ಮಾದರಿ. ಹಾಗಿದ್ದೂ ಫೋನ್‌ಪೇ ಮತ್ತು ಗೂಗಲ್ ಪೇ ಎರಡೇ ಸೇರಿ ವಹಿವಾಟುಗಳ ಸುಮಾರು ಶೇಕಡ 80ರಷ್ಟು ಪಾಲು ಹೊಂದಿವೆ. ಯಾವುದೇ ಒಂದು ಆ್ಯಪ್ ಶೇಕಡ 30 ಮೀರಬಾರದೆಂದು ನಿಗಮವು 2020ರ ನವೆಂಬರ್‌ನಲ್ಲಿ ಹೇಳಿದ್ದರೂ ಗಡುವು ಎರಡು ಬಾರಿ ಮುಂದೆ ಹೋಗಿ 2026ರ ಡಿಸೆಂಬರ್ 31ಕ್ಕೆ ಬಂದು ನಿಂತಿದೆ. ನಿಯಮ ಬರೆಯುವುದಕ್ಕಿಂತ ಜನರ ಅಭ್ಯಾಸ ಬದಲಿಸುವುದು ಕಷ್ಟ ಎಂದು ಇದರಿಂದ ತಿಳಿಯಬಹುದು. ಮಿತಿ ಜಾರಿಯಾದ ದಿನ ಕುಶಾಲನಗರದ ತರಕಾರಿ ಅಂಗಡಿಯಲ್ಲಿ ಹಣ ಬಂದುದನ್ನು ಸಾರುವ ಪೆಟ್ಟಿಗೆ ಮಾತನಾಡದೆ ಹೋದೀತೆಂಬ ಭಯವೂ ಸುಳ್ಳಲ್ಲ.

ಮಾಹಿತಿಯ ವಿಷಯದಲ್ಲೂ ಇದೇ ಗಂಟು. ವಾಟ್ಸ್‌ಆ್ಯಪ್‌ನ 2021ರ ಗೋಪ್ಯತಾ ನೀತಿಯ ಸಂಬಂಧ ಸ್ಪರ್ಧಾ ಆಯೋಗವು 2024ರ ನವೆಂಬರ್‌ನಲ್ಲಿ ಅದರ ಮಾಲೀಕ ಕಂಪನಿ ಮೆಟಾಗೆ 213.14 ಕೋಟಿ ರೂಪಾಯಿ ದಂಡ ವಿಧಿಸಿದ್ದು ಗಮನಾರ್ಹ, ಏಕೆಂದರೆ ಒಪ್ಪಿಕೊಳ್ಳಿ ಇಲ್ಲವೇ ಬಿಟ್ಟುಹೋಗಿ ಎಂಬ ಷರತ್ತನ್ನು ಅಲ್ಲಿ ಪ್ರಾಬಲ್ಯದ ದುರುಪಯೋಗವೆಂದೇ ಪರಿಗಣಿಸಲಾಯಿತು. ಒಂದೆಡೆ ಶೇಖರವಾದ ಮಾಹಿತಿಯು ಪ್ರತಿಸ್ಪರ್ಧಿಯನ್ನು ಹೊರಗಿಡಲು ಒದಗುತ್ತದೆ, ಕಳ್ಳರಿಗೂ ಒಂದೇ ಕಡೆ ದೊರಕುತ್ತದೆ. ನಮ್ಮ ಮಟ್ಟದಲ್ಲೂ ಹೊಣೆಯಿದೆ: ಅತಿಥಿಗಳ ಆಧಾರ್ ಚಿತ್ರಗಳು ಎಷ್ಟೋ ಹೋಂಸ್ಟೇಗಳ ಫೋನಿನಲ್ಲಿ ವರ್ಷಗಟ್ಟಲೆ ಉಳಿಯುತ್ತವೆ. ಮೊದಲ ಎಂಟು ಅಂಕಿ ಮರೆಮಾಡಿದ ಆಧಾರ್ ಪ್ರತಿಯನ್ನು ಪಡೆದುಕೊಳ್ಳುವ ಪದ್ಧತಿಯನ್ನು ಮಾಲೀಕರ ಸಂಘಗಳು ರೂಢಿಗೆ ತರಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿ ಹಂತಹಂತವಾಗಿ ಜಾರಿಗೆ ಬರುತ್ತಿವೆ. ಒಪ್ಪಿಗೆ ಕೇಳುವ ಸೂಚನೆಯನ್ನು ಸಂವಿಧಾನದ ಎಂಟನೇ ಅನುಸೂಚಿಯ ಭಾಷೆಗಳಲ್ಲೂ ಓದುವ ಅವಕಾಶ ಆ ಕಾಯ್ದೆಯಲ್ಲಿರುವುದರಿಂದ, ಆ ಭಾಗ ಜಾರಿಗೆ ಬಂದಾಗ ಕನ್ನಡದಲ್ಲಿ ಕೇಳುವುದು ಹಕ್ಕಾಗುತ್ತದೆ.

ಇವೆಲ್ಲವನ್ನೂ ಒಟ್ಟಿಗೆ ನೋಡುವ ಅವಕಾಶ ಡಿಜಿಟಲ್ ಸ್ಪರ್ಧಾ ಮಸೂದೆಯಲ್ಲಿತ್ತು. 2024ರ ಮಾರ್ಚ್‌ನಲ್ಲಿ ಕರಡು ಪ್ರಕಟವಾಯಿತು. ಭಾರತದಲ್ಲಿ 4,000 ಕೋಟಿ ರೂಪಾಯಿ ವಹಿವಾಟು, ಒಂದು ಕೋಟಿ ಬಳಕೆದಾರರು ಅಥವಾ 10,000 ವ್ಯಾಪಾರಿ ಬಳಕೆದಾರರು ಎಂಬಂಥ ಅಳತೆಗಳಿಂದ ದೊಡ್ಡ ವೇದಿಕೆಗಳನ್ನು ಗುರುತಿಸಿ, ತಮ್ಮದೇ ಸರಕನ್ನು ಮುಂದಿಡುವುದು, ವ್ಯಾಪಾರಿಗಳ ಗುಪ್ತ ಮಾಹಿತಿಯನ್ನು ಅವರ ವಿರುದ್ಧವೇ ಬಳಸುವುದು ಮುಂತಾದವನ್ನು ಮೊದಲೇ ನಿಷೇಧಿಸುವುದು ಅದರ ಉದ್ದೇಶ. ಮಸೂದೆ ಇನ್ನೂ ಕಾನೂನಾಗಿಲ್ಲ. ಅದು ಮತ್ತೆ ಚರ್ಚೆಗೆ ಬಂದಾಗ ಎರಡು ಅಂಶ ಸೇರಬೇಕೆಂಬುದು ನನ್ನ ಆಗ್ರಹ. ಸೈಬರ್ ಭದ್ರತೆಯ ಹೆಸರಿನಲ್ಲಿ ವಿನಾಯಿತಿ ಕೇಳುವ ವೇದಿಕೆಯೇ ಅದನ್ನು ಸಾಬೀತುಪಡಿಸುವ ಭಾರ ಹೊರಬೇಕು. ಮತ್ತು ತನ್ನನ್ನು ನೆಚ್ಚಿದ ಸಣ್ಣ ವ್ಯಾಪಾರಿಯ ಖಾತೆ ಕೈತಪ್ಪಿದಾಗ ಅಥವಾ ಅವನ ಹೆಸರಿನ ನಕಲಿ ಜಾಹೀರಾತು ಕಂಡಾಗ ನಿಗದಿತ ಗಂಟೆಗಳೊಳಗೆ, ಅವನ ಭಾಷೆ ಬಲ್ಲ ಮನುಷ್ಯನ ಮೂಲಕ ಪರಿಹಾರ ಕೊಡುವುದು, ಆ ಅವಧಿಯ ವಿಮರ್ಶೆಗಳನ್ನು ಶ್ರೇಯಾಂಕಕ್ಕೆ ಲೆಕ್ಕ ಹಿಡಿಯದಿರುವುದು, ಕೇಳಿದಾಗ ಅವನ ವಿಮರ್ಶೆಗಳನ್ನು ಬೇರೆಡೆಗೆ ಒಯ್ಯಲು ಬಿಡುವುದು ಕಾನೂನಿನ ಕರ್ತವ್ಯವಾಗಬೇಕು. ಸೈಬರ್ ಘಟನೆಗಳನ್ನು ಆರು ಗಂಟೆಯೊಳಗೆ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆಯಾದ ಸರ್ಟ್-ಇನ್‌ಗೆ ತಿಳಿಸಬೇಕೆಂಬ ನಿರ್ದೇಶನ 2022ರ ಏಪ್ರಿಲ್‌ನಲ್ಲೇ ಬಂದಿದೆ, ಆದರೆ ಅದೇ ಘಟನೆಯಿಂದ ಪೆಟ್ಟು ತಿನ್ನುವ ವ್ಯಾಪಾರಿಗೆ ತಿಳಿಸಬೇಕೆಂದು ಅದರಲ್ಲಿ ಇಲ್ಲ. ಸರ್ಕಾರಕ್ಕೆ ಆರು ಗಂಟೆಯಲ್ಲಿ ಹೇಳಬಲ್ಲವರು ನಮಗೂ ಒಂದು ಸಂದೇಶ ಕಳುಹಿಸಬಲ್ಲರು.

ದೆಹಲಿಯ ಕಾನೂನು ಬರುವವರೆಗೆ ಜಿಲ್ಲೆಯಲ್ಲೇ ಆಗಬಹುದಾದ ಕೆಲಸಗಳಿವೆ. ಹಣ ಹೋದ ಮೊದಲ ಗಂಟೆಯಲ್ಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿದರೆ ಅದು ಮುಂದಿನ ಖಾತೆಗೆ ಹಾರುವ ಮೊದಲು ತಡೆಹಿಡಿಯುವ ಸಾಧ್ಯತೆ ಇರುತ್ತದೆ. ಆದರೆ ಜೂನ್‌ನಿಂದ ಆಗಸ್ಟ್‌ವರೆಗೆ ಮರ ಬಿದ್ದು ಕರೆಂಟ್ ಹೋಗಿ, ಟವರ್‌ನ ಡೀಸೆಲ್ ಮುಗಿದು, ಸಿಗ್ನಲ್‌ಗಾಗಿ ಗುಡ್ಡ ಹತ್ತಬೇಕಾದ ಹಳ್ಳಿಗಳಿಗೆ ಆ ಮೊದಲ ಗಂಟೆ ಎಂಬುದೇ ಇಲ್ಲ. ಮಳೆಗಾಲಕ್ಕೆ ಮುನ್ನ ನಡೆಯುವ ವಿಪತ್ತು ನಿರ್ವಹಣಾ ಸಭೆಗಳಲ್ಲಿ ಟವರ್‌ಗಳ ಇಂಧನದ ವಿಷಯವನ್ನು ಈ ದೃಷ್ಟಿಯಿಂದಲೂ ನೋಡಬೇಕು. ಹತ್ತಿರದ ಠಾಣೆಯಲ್ಲಿಯೇ 1930ರ ದೂರನ್ನು ದಾಖಲಿಸಿಕೊಡುವ ವ್ಯವಸ್ಥೆಯನ್ನು ಜಿಲ್ಲಾ ಪೊಲೀಸರು ಖಚಿತಪಡಿಸಬೇಕು.

ಇನ್ನು ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಾಯಿಸಿದ ಪ್ರತಿ ಹೋಂಸ್ಟೇಯ ಹೆಸರು, ಗ್ರಾಮ, ನೋಂದಣಿ ಸಂಖ್ಯೆ ಮತ್ತು ಮಾಲೀಕರು ಒಪ್ಪಿ ಕೊಟ್ಟ ಒಂದು ಫೋನ್ ನಂಬರ್ ಇರುವ ಪಟ್ಟಿಯನ್ನು, ಹೆಸರು ಬರೆದು ಹುಡುಕಬಹುದಾದ ರೂಪದಲ್ಲಿ, ಕನ್ನಡ ಮತ್ತು ಇಂಗ್ಲಿಷಿನಲ್ಲಿ ಸರ್ಕಾರಿ ಜಾಲತಾಣದಲ್ಲಿ ಇರಿಸಿ ತಿಂಗಳಿಗೊಮ್ಮೆ ಪರಿಷ್ಕರಿಸಬೇಕು. ಮುಂಗಡ ಕಟ್ಟುವ ಮುನ್ನ ಪ್ರವಾಸಿಗರು ನೋಡಬಹುದಾದ, ಯಾವ ವೇದಿಕೆಗೂ ಜಾಹೀರಾತಿನ ಹಣ ಕೊಡದೆ ಸಣ್ಣ ಮಾಲೀಕನೂ ದೊಡ್ಡ ರೆಸಾರ್ಟಿನಷ್ಟೇ ಸ್ಪಷ್ಟವಾಗಿ ಕಾಣಬಹುದಾದ ಜಾಗ ಅದಾಗುತ್ತದೆ. ಇಲಾಖೆಯ ಕಡತದಲ್ಲಿ ಈಗಾಗಲೇ ಇರುವ ವಿವರಗಳಿಂದಲೇ ಈ ಕೆಲಸ ಶುರುವಾಗಬಹುದು. ಇದಕ್ಕೆ ದಿನಾಂಕವೊಂದನ್ನು ಗೊತ್ತುಪಡಿಸಿ ಪ್ರಕಟಿಸುವಂತೆ ಜಿಲ್ಲಾಧಿಕಾರಿಗಳನ್ನು ತಮ್ಮ ಪತ್ರಿಕೆಯ ಮೂಲಕ ಕೋರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಹೋಂಸ್ಟೇ ನಡೆಸುವ ಓದುಗ,
ಮಡಿಕೇರಿ ತಾಲ್ಲೂಕು, ಕೊಡಗು